ಬ್ರೆಜಿಲ್‌ನ ಕೋಳಿ, ನಮ್ಮಣ್ಣನ ಶೆಡ್ಡು

ಬಿಟಿಎಂ ಲೇಔಟಿನ ಒಂದು ಸಣ್ಣ ಆಫೀಸಿನಲ್ಲಿ ಅಂಕಿಅಂಶ ಜೋಡಿಸಿ ವರದಿ ಮಾಡಿಕೊಡುವುದು ನನ್ನ ಕೆಲಸ. ವರದಿ ಯಾರಿಗೆ, ಏತಕ್ಕೆ ಎಂಬುದು ನಮ್ಮವರೆಗೆ ಬರುವುದಿಲ್ಲ. ತಿಳಿದುಕೊಳ್ಳುವ ಗೋಜಿಗೆ ನಾನೂ ಹೋದವಳಲ್ಲ. ಮೂರು ವರ್ಷದ ಹಿಂದೆ ಹಾಗೆಯೇ ಒಂದು ಕೆಲಸ ಬಂತು. ಭಾರತ ಮತ್ತು ಬ್ರೆಜಿಲ್‌ನಲ್ಲಿ ಕೋಳಿಮಾಂಸದ ಉತ್ಪಾದನೆ ಅರವತ್ತರ ದಶಕದಿಂದ ಈಚೆಗೆ ಹೇಗೆ ಬೆಳೆದಿದೆ ಎಂದು ಹೋಲಿಸಿ ತೋರಿಸಬೇಕಿತ್ತು.

ನನಗೆ ಖುಷಿಯಾಯಿತು. ತಲಘಟ್ಟಪುರದಲ್ಲಿ ನಮ್ಮಣ್ಣ ಕೋಳಿ ಶೆಡ್ಡು ಇಟ್ಟಿದ್ದ. ಕಂಪನಿಯವರು ಮರಿ, ಫೀಡು, ಔಷಧಿ ತಂದು ಕೊಡುತ್ತಿದ್ದರು; ಇವನು ಆರು ವಾರ ಸಾಕಿ ಅವರ ಲಾರಿಗೇ ತಿರುಗಿ ಹತ್ತಿಸುತ್ತಿದ್ದ. ಬೇಸಿಗೆಯಲ್ಲಿ ಕೋಳಿಗಳು ಬಿಸಿಲಿಗೆ ಸಾಯದಿರಲೆಂದು ಗೋಣಿತಾಟು ನೆನೆಸಿ ಶೆಡ್ಡಿನ ಸುತ್ತ ಕಟ್ಟುವಾಗ ಅತ್ತಿಗೆಯ ಜೊತೆ ನಾನೂ ಕೈ ಹಾಕಿದವಳು.

ನಾನು ಎರಡು ಗ್ರಾಫು ಮಾಡಿದೆ. ಮೊದಲನೆಯದು ಒಟ್ಟು ಟನ್ನುಗಳ ಲೆಕ್ಕ. ಅದರಲ್ಲಿ ಶುರುವಿಗೆ ಎರಡು ದೇಶಗಳ ಗೆರೆಗಳೂ ನೆಲಕ್ಕಂಟಿಕೊಂಡು ಅಕ್ಕಪಕ್ಕ ಇದ್ದವು. ಆಮೇಲೆ ಬ್ರೆಜಿಲ್‌ನದು ಬೆಟ್ಟ ಹತ್ತಿತು, ನಮ್ಮದು ಬುಡದಲ್ಲೇ ಉಳಿಯಿತು. ಎರಡನೆಯದು ಈಚಿನ ಇಪ್ಪತ್ತು ವರ್ಷದಲ್ಲಿ ಯಾವ ದೇಶ ಎಷ್ಟು ಪಟ್ಟು ಬೆಳೆದಿದೆ ಎಂಬುದು. ಅದರಲ್ಲಿ ನಮ್ಮ ಗೆರೆಯೇ ಮೇಲಿತ್ತು. ವರದಿ ಕೇಳಿದವರು ಎರಡನೆಯದು ಬೇಡ ಎಂದು ಹೇಳಿ ಕಳಿಸಿದರು. ತೆಗೆದುಬಿಟ್ಟೆ. ಉಳಿದದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ.

ಮರುವರ್ಷ ಕಂಪನಿಯವರು ಸಾಕಾಣಿಕೆದಾರರನ್ನೆಲ್ಲ ಬನಶಂಕರಿಯ ಒಂದು ಹಾಲಿಗೆ ಕರೆಸಿದರು. ಅವರು ಇಂಗ್ಲಿಷಿನಲ್ಲಿ ಶುರು ಮಾಡಿದರೆ ತಲೆಬುಡ ತಿಳಿಯುವುದಿಲ್ಲ, ಜೊತೆಗೆ ಬಾ ಎಂದು ಅಣ್ಣ ಫೋನು ಮಾಡಿದ. ಅರ್ಧ ದಿನ ರಜೆ ಹಾಕಿ ಹೋದೆ.

ವೇದಿಕೆಯ ಮೇಲಿದ್ದವರು ಪರದೆಯ ಮೇಲೆ ಹಾಕಿದ್ದು ನನ್ನ ಗ್ರಾಫು. ನಮ್ಮ ದೇಶಕ್ಕೆಂದು ನಾನೇ ಆರಿಸಿದ್ದ ಹಸಿರು ಬಣ್ಣವೂ ಹಾಗೇ ಇತ್ತು. ಬ್ರೆಜಿಲ್‌ನಲ್ಲಿ ದೊಡ್ಡ ದೊಡ್ಡ ಶೆಡ್ಡುಗಳು, ಒಳಗೆಲ್ಲ ತಂಪು, ಇಲ್ಲಿ ಇನ್ನೂ ಗೋಣಿತಾಟು, ಅದಕ್ಕೇ ನಾವು ತೆವಳುತ್ತಿದ್ದೇವೆ ಎಂದು ಅವರು ಹೇಳಿದರು. ಇನ್ನು ಮುಂದೆ ಸಣ್ಣ ಶೆಡ್ಡುಗಳಿಗೆ ಮರಿ ಕೊಡುವುದಿಲ್ಲವಂತೆ. ನಾನು ಅಕ್ಷರ ಬಿಡದೆ ಅಣ್ಣನ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಾ ಹೋದೆ.

"ಕೆಳಗಿನ ಹಸಿರು ಗೆರೆ ನಮ್ದಾ?" ಎಂದು ಕೇಳಿದ.

"ಹೂಂ."

"ಇಷ್ಟೇನಾ ನಾವು ಸಾಕಿದ್ದು?"

ಇಷ್ಟೇ ಅಲ್ಲ, ಈಚೆಗೆ ಬೆಳೆದ ಲೆಕ್ಕದಲ್ಲಿ ನಾವೇ ಮುಂದೆ ಎಂದು ಆ ಹಾಲಿನಲ್ಲಿ ಗೊತ್ತಿದ್ದವಳು ಬಹುಶಃ ನಾನೊಬ್ಬಳೇ. ಕೊನೆಯಲ್ಲಿ ಪ್ರಶ್ನೆ ಇದ್ದವರು ಕೇಳಬಹುದು ಎಂದು ಮೈಕು ಕೂಡ ಕೊಟ್ಟರು. ನಮ್ಮ ಆಫೀಸಿಗೆ ಕೆಲಸ ಕೊಟ್ಟವರು ಇವರೇ ಇರಬಹುದು, ನಾಳೆ ನನ್ನ ನೌಕರಿಗೆ ಕುತ್ತು ಬರಬಹುದು ಎಂದು ಹೆದರಿ, ಮೈಕು ನಮ್ಮ ಸಾಲಿಗೆ ಬಂದಾಗ ಪಕ್ಕದವರಿಗೆ ದಾಟಿಸಿದೆ.

ವಾಪಸ್ಸು ಬರುವಾಗ ಕನಕಪುರ ರಸ್ತೆಯಲ್ಲಿ ಟೀಗೆ ನಿಂತೆವು. ಅಲ್ಲಿ ಎಲ್ಲವನ್ನೂ ಹೇಳಿದೆ, ತೆಗೆದುಹಾಕಿದ ಗ್ರಾಫಿನ ವಿಷಯವನ್ನೂ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಟೀ ಪೂರ್ತಿ ಕುಡಿದು, ಲೋಟ ಇಟ್ಟು, "ಗಾಡಿ ತೆಗಿ" ಎಂದ, ಅಷ್ಟೇ.

ಇನ್ನೊಂದು ಸಲ ಮರಿ ಬಂತು, ಆಮೇಲೆ ನಿಂತೇಹೋಯಿತು. ಕೆಲವು ತಿಂಗಳು ಅಣ್ಣ ಖಾಲಿ ಶೆಡ್ಡನ್ನೇ ಗುಡಿಸಿ ಸುಣ್ಣ ಬಳಿದ. ಈಗ ಅಲ್ಲಿ ಯಾರದೋ ಟೈಲ್ಸ್ ದಾಸ್ತಾನು. ಅವನು ಬೊಮ್ಮನಹಳ್ಳಿಯ ಗೋಡೌನಿಗೆ ಹೋಗಿ ಐಸಿನಲ್ಲಿಟ್ಟ ಕೋಳಿಯ ಪೆಟ್ಟಿಗೆ ಎತ್ತಿಡುತ್ತಾನೆ. ಚಳಿಗೆ ಬೆರಳೆಲ್ಲ ಒಡೆದಿವೆ. ನಾನು ಅದೇ ಕುರ್ಚಿಯಲ್ಲಿದ್ದೇನೆ, ಸಂಬಳವೂ ಏರಿದೆ.

ಈ ಸಲ ಯುಗಾದಿಯ ಮಾರನೇ ದಿನ ಹೊಸತೊಡಕಿನ ಊಟಕ್ಕೆ ಹೋಗಿದ್ದೆ. ಅಡುಗೆಮನೆಯಲ್ಲಿ ಅತ್ತಿಗೆಯ ಮುಂದೆ ಆ ದಿನದ ಮಾತೆತ್ತಿ, ನನ್ನಿಂದ ತಪ್ಪಾಯಿತು ಎಂದೆ. ಅವರು ಸಾರಿಗೆ ಉಪ್ಪು ನೋಡುತ್ತಿದ್ದರು.

"ಬಿಡಮ್ಮ, ನೀನು ಹೇಳಿದ್ರೂ ಅವ್ರೇನು ಮರಿ ಕೊಡ್ತಿರ್ಲಿಲ್ಲ."

ಬಾಗಿಲ ಬಳಿ ಕೂತು ಈರುಳ್ಳಿ ಹೆಚ್ಚುತ್ತಿದ್ದ ಅಣ್ಣ ತಲೆ ಎತ್ತಲಿಲ್ಲ.

"ಕೊಡ್ತಿರ್ಲಿಲ್ಲ," ಎಂದ. "ಆದ್ರೂ ಹೇಳ್ಬೋದಿತ್ತು."