ಒಳಗಿನಿಂದ ಹಚ್ಚಿದ ಬಿಲ್ಲೆ

ಇಂಡಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮಶಾಕಸಾಬನ ಫೋಟೋ ಫ್ರೇಮಿನ ಅಂಗಡಿ ಇದೆ. ಊರಿನ ಅರ್ಧ ಮದುಮಕ್ಕಳು, ಸತ್ತವರಲ್ಲಿ ಮುಕ್ಕಾಲು ಮಂದಿ ಅವನ ಕೈಯಿಂದಲೇ ಗೋಡೆ ಏರಿದ್ದಾರೆ. ಗಾಜಿನ ವಿಷಯದಲ್ಲಿ ಅವನಿಗೆ ಯಾರೂ ಎದುರಾಡುವುದಿಲ್ಲ. ಎದುರಾಡಲು ಅವನು ಬಾಯಿ ಮುಚ್ಚಬೇಕಲ್ಲ.

ಹೆಂಡತಿ ಮುಮ್ತಾಜ ಇದಕ್ಕೆ ತದ್ವಿರುದ್ಧ. ಮದುವೆಯಾದಾಗಿನಿಂದ ಇದು ಬೇಕು, ಅದು ಬೇಕು ಎಂದವಳಲ್ಲ. ಹಬ್ಬಕ್ಕೆ ಸೀರೆ ತಂದರೆ ಉಟ್ಟಳು, ತರದ ವರ್ಷ ಹಳೆಯದನ್ನೇ ಒಗೆದು ಉಟ್ಟಳು. ಮಶಾಕಸಾಬ ಇದನ್ನು ತನ್ನ ಸಂಸಾರದ ಹೆಚ್ಚುಗಾರಿಕೆ ಎಂದು ನಾಲ್ಕು ಮಂದಿಯ ಮುಂದೆ ಹೇಳಿಕೊಳ್ಳುತ್ತಿದ್ದ.

ಅಂಥವಳು ಕಳೆದ ಬೇಸಿಗೆಯಲ್ಲಿ ಒಂದು ಕೇಳಿದಳು. ಅವರ ಅಂಗಳದಲ್ಲಿ ಹಳೆಯ ಕಲ್ಲಿನ ಹೌದ, ಅಂದರೆ ನೀರಿನ ತೊಟ್ಟಿ ಇತ್ತು. ಮನೆಗೆ ನಳ ಬಂದ ಮೇಲೆ ಅದು ಬೇಡವಾಗಿ, ಆ ಜಾಗದಲ್ಲಿ ಮಗ ತಬ್ರೇಜ ಕೋಣೆ ಕಟ್ಟಿಸುವವನಿದ್ದ. ಸೋಮವಾರ ಬಂದು ಹೌದ ಒಡೆಯುತ್ತೇನೆಂದು ಮನೆ ಕಟ್ಟುವ ಗೌಂಡಿ ರಾವಸಾಬ ಹೇಳಿಹೋಗಿದ್ದ. ಆದರೆ ಅದರಲ್ಲಿ ಮುಮ್ತಾಜಳ ಮೀನುಗಳಿದ್ದವು. ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ಹಿಂದೆಂದೋ ಬಿಟ್ಟುಹೋದ ನಾಲ್ಕಾರು ಗಪ್ಪಿ ಮೀನು, ಈಗ ಮಕ್ಕಳು ಮೊಮ್ಮಕ್ಕಳಾಗಿ ದೊಡ್ಡ ಹಿಂಡು. ರೊಟ್ಟಿ ಬಡಿದ ಹಿಟ್ಟಿನ ಕೈಯನ್ನು ಅವಳು ನೀರಿಗಿಟ್ಟರೆ ಬೆರಳಿಗೆಲ್ಲ ಮುತ್ತುತ್ತಿದ್ದವು.

"ಬಾವಿಗಿ ಬಿಟ್ಟರಾತು ಬಿಡಮ್ಮಾ" ಎಂದ ತಬ್ರೇಜ.

ಅವಳು ಗಂಡನ ಕಡೆ ತಿರುಗಿದಳು. "ಅವು ನನ್ನ ಕಣ್ಣ ಮುಂದ ಇರಬೇಕ್ರಿ. ನನಗೊಂದು ಗಾಜಿನ ತೊಟ್ಟಿ ತಂದುಕೊಡ್ರಿ."

ಕೇಳದವಳು ಕೇಳಿದ್ದಾಳೆ, ಅದೂ ಗಾಜಿನದನ್ನು. ಇದೊಂದು ಕೊಡಲಾಗದಿದ್ದರೆ ತಾನು ಗಂಡನೆಂದು ಹೇಳಿಕೊಂಡು ತಿರುಗುವುದೇಕೆ ಎಂದು ಮಶಾಕಸಾಬನಿಗೆ ಅನ್ನಿಸಿತು.

ಝಳಕಿಯಲ್ಲಿ ಹೆದ್ದಾರಿ ಪಕ್ಕದ ಧಾಬಾ ಒಂದು ಮುಚ್ಚುತ್ತಿತ್ತು. ಅಲ್ಲಿಯ ಅಕ್ವೇರಿಯಂ ಮಾರಾಟಕ್ಕಿದೆ ಎಂದು ತಿಳಿದು ಟಂಟಂ ಆಟೋ ಮಾಡಿಕೊಂಡು ಹೋದ. ನಾಲ್ಕೂ ಬದಿಗೆ ಉಗುರಿನಿಂದ ಬಾರಿಸಿ ಸದ್ದು ಕೇಳಿದ, ಅಂಚು ಸವರಿದ, ಮಾಲು ಗಟ್ಟಿ ಎಂದ. ತಳದಲ್ಲಿ ಹರಡಿದ್ದ ಬಣ್ಣದ ಹರಳನ್ನು ಮಾತ್ರ ಸರಿಸಿ ನೋಡಲಿಲ್ಲ. ಗೋಡೆಗೆ ನೇತುಬೀಳುವ ಗಾಜನ್ನೇ ನೋಡಿ ಪಳಗಿದ ಕಣ್ಣು ಅದು, ಗಾಜಿಗೆ ತಳ ಇರುತ್ತದೆಂಬುದು ಅದಕ್ಕೆ ಹೊಳೆಯಲಿಲ್ಲ.

ಮನೆಗೆ ತಂದು ಹರಳು ಬಳಿದು ತೆಗೆದರೆ, ತಳದಲ್ಲಿ ನಿಂಬೆಕಾಯಿ ತೂರುವಂಥ ಎರಡು ತೂತು. ಧಾಬಾದವರು ನೀರು ತಿರುಗಿಸುವ ಪೈಪಿಗೆಂದು ಕೊರೆಸಿದ್ದ ತೂತುಗಳವು. ತಬ್ರೇಜ ನಕ್ಕ. ಮುಮ್ತಾಜ ನಗಲಿಲ್ಲ, ಅದೇ ಹೆಚ್ಚು ಕುಟುಕಿತು.

"ತೂತು ಮುಚ್ಚೂದು ಏನು ದೊಡ್ಡ ಮಾತು" ಎಂದು ಮಶಾಕಸಾಬ ತೊಟ್ಟಿಯನ್ನು ಬೋರಲು ಹಾಕಿದ. ಗಾಜಿನ ಎರಡು ಬಿಲ್ಲೆ ಕತ್ತರಿಸಿ, ಸಿಲಿಕೋನ್ ಅಂಟು ಬಳಿದು, ಹೊರಗಿನಿಂದ ತಳಕ್ಕೆ ಹಚ್ಚಿದ. ಫ್ರೇಮಿನಲ್ಲಿ ಗಾಜು ಮುಂದೆ, ರಟ್ಟು ಹಿಂದೆ. ಮೊಳೆ, ಅಂಟು, ತೇಪೆ ಏನಿದ್ದರೂ ನೋಡುವವರ ಕಣ್ಣಿಗೆ ಬೀಳದ ಬೆನ್ನಿಗೆ. ಜೀವಮಾನವೆಲ್ಲ ಹಾಗೆ ಮಾಡಿದ ಕೈ ಇಲ್ಲೂ ಹಾಗೇ ಮಾಡಿತು.

ಶುಕ್ರವಾರ ನಮಾಜು ಮುಗಿಸಿ ಬಂದು, ತೊಟ್ಟಿಯನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲಿಟ್ಟು ನೀರು ತುಂಬಿದ. ಅರ್ಧದವರೆಗೆ ಮೀಸೆ ತಿರುವುತ್ತಿದ್ದ. ಮುಕ್ಕಾಲಿಗೆ ಬರುವಷ್ಟರಲ್ಲಿ ಒಂದು ಬಿಲ್ಲೆ ಕಿತ್ತುಬಿದ್ದು, ನೀರೆಲ್ಲ ಅವನ ಪೈಜಾಮದ ಮೇಲೆ ಸುರಿಯಿತು. ಮಶಾಕಸಾಬ ಒದ್ದೆ ನೆಲದ ಮೇಲೇ ಕುಳಿತುಬಿಟ್ಟ. ಅವನಿಗೆ ಅಳು ಬಂದಂತಾಗಿತ್ತು.

ಮುಮ್ತಾಜ ಬಿದ್ದ ಬಿಲ್ಲೆಯನ್ನು ಎತ್ತಿಕೊಂಡು ನೋಡಿದಳು. "ಮಾಳಿಗಿ ಸೋರಿದ್ರ ನೀವು ಒಳಗ ನಿಂತು ಜಂತಿಗಿ ಮಣ್ಣು ಮೆತ್ತತೀರೇನ್ರಿ? ಮ್ಯಾಲ ಹತ್ತಿ, ನೀರು ನಿಂತಲ್ಲೇ ಸವಳು ಹಾಕ್ತೀರಿ."

ಅವನು ಕತ್ತೆತ್ತಿದ. ಮಣ್ಣಿನ ಮಾಳಿಗೆಯ ಕೆಳಗೇ ಹುಟ್ಟಿ ಬೆಳೆದವನು. ಮಳೆಗಾಲಕ್ಕೆ ಮುಂಚೆ ಬುಟ್ಟಿಗಟ್ಟಲೆ ಸವಳು ಮಣ್ಣು ಹೊತ್ತು ಮೇಲೆ ಹರಡಿದ್ದ ಬೆನ್ನು ಅವನದೇ. ಹೊರಗಿನಿಂದ ಹಚ್ಚಿದರೆ ನೀರು ಬಿಲ್ಲೆಯನ್ನು ದಬ್ಬುತ್ತದೆ, ಒಳಗಿನಿಂದ ಹಚ್ಚಿದರೆ ಅದೇ ನೀರು ಅದುಮಿ ಹಿಡಿಯುತ್ತದೆ. ಇಷ್ಟೇ ಮಾತು. ಗೊತ್ತಿದ್ದೂ ಗಾಜು ಕೈಗೆ ಬಂದೊಡನೆ ಮರೆತಿದ್ದ.

ಹೊಸ ಅಂಟು ಒಣಗಲು ದಿನ ಬೇಕು, ಹೌದ ಒಡೆಯುವುದನ್ನು ಸ್ವಲ್ಪ ಮುಂದೂಡು ಎಂದು ಕೇಳಲು ಮೊದಲು ರಾವಸಾಬನ ಮನೆಗೆ ಓಡಿದ. "ಗುರುವಾರತನಕ ತಡೀತೀನ್ರಿ" ಎಂದ ಗೌಂಡಿ. "ಅದು ತಪ್ಪಿದ್ರ ನನಗ ಆಲಮಟ್ಟಿ ಕೆಲಸ ಐತಿ. ಮೀನಿನ ಸಲುವಾಗಿ ಮಳಿಗಾಲ ಮುಗಿಯೂಮಟ ಕುಂಡ್ರಾಕ ಆಗೂದಿಲ್ಲ."

ಮಶಾಕಸಾಬ ಹಳೆಯ ಅಂಟನ್ನು ಬ್ಲೇಡಿನಿಂದ ಕೆರೆದ, ಸ್ಪಿರಿಟ್ಟಿನಿಂದ ಒರೆಸಿದ. ಬೂಷ್ಟು ಹಿಡಿಯದಂತೆ ಔಷಧ ಬೆರೆಸಿದ ಸಿಲಿಕೋನ್ ಮೀನಿಗೆ ಆಗದೆಂದು ಕೇಳಿ ತಿಳಿದು, ಬರೀ ಸಿಲಿಕೋನ್ ತಂದ. ತೂತಿಗಿಂತ ಅಗಲವಾದ ಬಿಲ್ಲೆ ಕತ್ತರಿಸಿ, ತೊಟ್ಟಿಯೊಳಗೆ ಭುಜದವರೆಗೆ ಕೈ ಇಳಿಸಿ, ಉಸಿರು ಬಿಗಿಹಿಡಿದು ಒತ್ತಿದ. ಅಂಟಿನ ಹುಳಿ ವಾಸನೆ ಪೂರ್ತಿ ಹೋಗುವವರೆಗೆ ಯಾರನ್ನೂ ಹತ್ತಿರ ಬಿಡಲಿಲ್ಲ.

ಬುಧವಾರ ಬೆಳಿಗ್ಗೆ ಕೆಳಗೆ ಪೇಪರು ಹಾಸಿ, ಹೌದದ ನೀರನ್ನೇ ತುಂಬಿದ. ಆ ದಿನ ಅಂಗಡಿ ತೆರೆಯಲಿಲ್ಲ, ಊಟಕ್ಕೂ ಏಳಲಿಲ್ಲ. ಗಳಿಗೆಗೊಮ್ಮೆ ಬಗ್ಗಿ ಅಂಗೈಯಿಂದ ಪೇಪರು ಮುಟ್ಟಿ ನೋಡುತ್ತಿದ್ದ. ಬಿಸಿಲು ಗೋಡೆ ಹತ್ತಿದರೂ ಪೇಪರು ಹಪ್ಪಳದಂತೆ ಗರಿಗರಿಯಾಗಿಯೇ ಇತ್ತು. ಅಲ್ಹಮ್ದುಲಿಲ್ಲಾ ಎಂದು ಅವನು ಬಿಟ್ಟ ಉಸಿರು ಅಡುಗೆಮನೆಗೆ ಕೇಳಿಸಿತು. ಇಡೀ ದಿನದ ಹಸಿವು ಒಮ್ಮೆಲೇ ನೆನಪಾಗಿ ಎರಡು ರೊಟ್ಟಿ ನಿಂತೇ ತಿಂದ.

ಮುಮ್ತಾಜ ತಂಬಿಗೆಯಲ್ಲಿ ಮೀನುಗಳನ್ನು ತಂದು ಬಿಟ್ಟಳು. ಮೇಲಿನಿಂದ ಬೆನ್ನಷ್ಟೇ ಕಾಣುತ್ತಿದ್ದ ಮೀನುಗಳ ಬಾಲದ ಬಣ್ಣ ಅವಳಿಗೆ ಮೊದಲ ಸಲ ಕಂಡಿತು. ಚಹಾ ತಂದುಕೊಟ್ಟು ಗಂಡನ ಪಕ್ಕದಲ್ಲೇ ಕುಳಿತಳು.

"ಅಲ್ಲಾ, ಇಷ್ಟು ವರ್ಷ ನೀ ಯಾಕ ಏನೂ ಕೇಳಲಿಲ್ಲ?" ಎಂದ ಮಶಾಕಸಾಬ.

"ಅಂಗಡಿ ನಡೀಲಾರದ ವರ್ಷ ಎಷ್ಟಿದ್ದವ್ರಿ. ಕೇಳಿದ್ರ ನಿಮ್ಮ ಬಾಯಿಲೆ ಇಲ್ಲ ಅನಿಸಬೇಕಾಗ್ತಿತ್ತು. ಅದು ನನಗ ಬ್ಯಾಡಾಗಿತ್ತು."

ಅವನಿಗೆ ನಾಚಿಕೆಯಾಯಿತು. ಅವಳಿಗೆ ಬೇಕಾದದ್ದೇನೂ ಇಲ್ಲವೆಂದು ಊರ ಮುಂದೆ ಹೇಳಿಕೊಂಡು ತಿರುಗಿದ್ದ.

"ಇನ್ನರೆ ಕೇಳು" ಎಂದ.

ಮುಮ್ತಾಜ ತೊಟ್ಟಿಯ ಗಾಜಿಗೆ ಬೆರಳಿಟ್ಟಳು. "ಹಂಗಾದ್ರ, ತಬ್ರೇಜ ಕಟ್ಟಸೂ ಹೊಸಾ ಖೋಲಿಗಿ ಓಣಿ ಕಡೆ ಒಂದು ಕಿಟಕಿ ಇಡಸ್ರಿ. ನಾ ಕುಂತು ಮಂದೀನ ನೋಡಬೇಕು."

ಮಶಾಕಸಾಬ ಅರ್ಧ ಕುಡಿದ ಚಹಾ ಅಲ್ಲೇ ಇಟ್ಟು, ರಾವಸಾಬನಿಗೆ ಹೇಳಿಬರಲು ಚಪ್ಪಲಿ ಮೆಟ್ಟಿದ.