ಸುನಂದಕ್ಕನ ಜಲಪಾತ

ಕಲ್ಕತ್ತೆಯ ಬಾಲಿಗಂಜ್‌ನಲ್ಲಿ ಕೇಟರಿಂಗ್ ನಡೆಸುವ ಉಡುಪಿ ಕಡೆಯ ಸುನಂದಕ್ಕನಿಗೆ ಯಾರಾದರೂ ಊರಿಗೆ ಹೊರಟರೆಂದು ತಿಳಿಯುವುದೇ ತಡ, ಕೈಯಲ್ಲಿ ಸೌಟು ಹಿಡಿದೇ ಘಟ್ಟದ ಜಲಪಾತಕ್ಕೆ ದಾರಿ ಹೇಳತೊಡಗುತ್ತಾಳೆ. "ಅರ್ಧ ಗಂಟೆ ಕಾಡುದಾರಿ ಅಷ್ಟೆ, ಮಕ್ಕಳೂ ಹತ್ತುತ್ತವೆ. ಜಿಗಣೆಗೆ ಉಪ್ಪು, ಹೊಟ್ಟೆಗೆ ಬುತ್ತಿ, ಎರಡೂ ಮರೀಬೇಡಿ." ಡಾರ್ಜಿಲಿಂಗ್‌ಗೆ ಟಿಕೆಟ್ ತೆಗೆಸಿದ ಬಂಗಾಳಿ ನೆರೆಯವರಿಗೂ ಬಿಡುಗಡೆಯಿಲ್ಲ. ಸೌಟನ್ನು ಮೇಲಿನಿಂದ ಕೆಳಗೆ ಬೀಸಿ ಅವಳು ನೀರು ಧುಮುಕಿಸಿದರೆ, ಮೇ ತಿಂಗಳ ಸೆಕೆಯಲ್ಲಿ ಬೆವರುತ್ತಿದ್ದವರೂ ಸೆರಗು ಹೊದ್ದುಕೊಳ್ಳಬೇಕು. ಕಲ್ಕತ್ತೆಗೆ ಬಂದ ನಲವತ್ತು ವರ್ಷಗಳಲ್ಲಿ ಆ ನೀರು ಅವಳ ಬಾಯಲ್ಲಿ ಒಂದು ಬೇಸಿಗೆಯೂ ಬತ್ತಿದ್ದಿಲ್ಲ. ಮೊನ್ನೆ, ರಜೆಗೆ ಊರಿಗೆ ಹೊರಟಿದ್ದ ಪಕ್ಕದ ಮನೆಯ ಪುಟ್ಟ ಶ್ರೇಯಾ ಕೇಳಿದಳು: "ಆಂಟಿ, ಆ ವಾಟರ್ ತಲೆ ಮೇಲೆ ಬಿದ್ರೆ ಹೇಗೆ ಫೀಲ್ ಆಗತ್ತೆ?" ಸೌಟು ಗಾಳಿಯಲ್ಲೇ ನಿಂತಿತು. "ನಂಗೆ ಗೊತ್ತಿಲ್ಲ ಮಗಾ. ಅಲ್ಲಿ ಮಂಗಗಳು ಉಂಟು. ಎಲ್ಲರೂ ನೀರಿಗಿಳಿದಾಗ ಬುತ್ತಿ ಕಾಯ್ಲಿಕ್ಕೆ ಪ್ರತಿ ಸಲ ನಾನೇ ಕೂತದ್ದು." ಆಮೇಲೆ ಶ್ರೇಯಾಳ ಅಮ್ಮನ ಕಡೆ ತಿರುಗಿ, ಸಾವಿರ ಮದುವೆಗಳಿಗೆ ಬಡಿಸಿದ ಕೈಯನ್ನು ಅಡ್ಡಡ್ಡ ಆಡಿಸಿದಳು: "ಬುತ್ತಿ ಬೇಡ ಮಾರಾಯ್ತಿ. ಉಂಡೇ ಹೊರಡಿ."