ಕಾಲಿಗೆ ನೀರು

ನಮ್ಮ ಪಕ್ಕದ ತೋಟದ ಯಜಮಾನರಷ್ಟು ಮರ್ಯಾದಸ್ಥರು ತಿಪಟೂರು ಸೀಮೆಯಲ್ಲೇ ಇಲ್ಲವೆಂದು ಅವರ ನೆಂಟರು ನಂಬಿದ್ದರು. ಬಂದವರಿಗೆ ಮನೆ ಬಾಗಿಲಲ್ಲಿ ಕಾಲಿಗೆ ನೀರು ಕೊಡುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಇವರು ತೆಂಗಿನ ತೋಟದ ಗೇಟಿನಲ್ಲೇ ಟಬ್ಬು ಇಟ್ಟುಕೊಂಡಿದ್ದರು. ‘ಕಾಲು ತೊಳ್ಕಂಡು ಬಾ ಕಣಪ್ಪ’ ಎನ್ನುವಾಗ ಮುಖದಲ್ಲಿ ಮದುವೆಮನೆಯ ವಿನಯ. ನೀರು ಮಾತ್ರ ನೇರಳೆ ಬಣ್ಣಕ್ಕಿರುತ್ತಿತ್ತು. ಹೊಂಡದಲ್ಲಿ ಸಾಕಿದ್ದ ಕಾಟ್ಲಾ ಮೀನುಗಳಿಗೆ ಹೊರಗಿನ ರೋಗ ತಗುಲದಿರಲೆಂದು ಅದಕ್ಕೆ ಔಷಧಿ ಕಲಸುತ್ತಿದ್ದರು. ನೆಂಟರು ಅಂಗಾಲು ಕಂದು ಮಾಡಿಕೊಂಡು, ಅವರ ಸಂಸ್ಕಾರ ಹೊಗಳುತ್ತಾ ಊರಿಗೆ ಹೋಗುತ್ತಿದ್ದರು.

ಒಮ್ಮೆ ಬ್ಯಾಂಕಾಕ್ ಪ್ರವಾಸ ಮುಗಿಸಿದ ಅವರ ಬಾಮೈದ ಕಿಬ್ಬನಹಳ್ಳಿಯಲ್ಲಿ ಬಸ್ಸಿಳಿದು ನೇರ ತೋಟಕ್ಕೇ ಬಂದ. ಕೈಯಲ್ಲೊಂದು ಬಾಟಲಿ, ಅದರೊಳಗೆ ಕೆಂಪು ಮೀನಿನ ಮರಿಗಳು.

‘ಸೂಟ್‌ಕೇಸಲ್ಲಿ ಬಚ್ಚಿಟ್ಕಂಡು ತಂದೆ, ಒಬ್ರಿಗೂ ಗೊತ್ತಾಗ್ಲಿಲ್ಲ ಭಾವ. ಹೊಂಡಕ್ಕೆ ಬುಡಿ.’

‘ಬುಡ್ತೀನಿ, ಮೊದ್ಲು ಕಾಲು ತೊಳ್ಕ.’

ಅವನು ಉಂಡು ಹೊರಟ ಮೇಲೆ ಯಜಮಾನರು ಬಾಟಲಿಯನ್ನು ಸತ್ತ ಹೆಗ್ಗಣದಂತೆ ಎರಡೇ ಬೆರಳಲ್ಲಿ ಹಿಡಿದು, ಕೊಟ್ಟಿಗೆ ಹಿಂದಿನ ಒಂಟಿ ತೊಟ್ಟಿಗೆ ಸುರಿದರು. ವಾರದೊಳಗೆ ಮರಿಗಳ ಮೈಮೇಲೆ ಬಿಳಿ ಚುಕ್ಕೆ ಎದ್ದು ಎಲ್ಲವೂ ತೇಲಿದವು. ನಾನು ಗುಂಡಿ ತೋಡಿದೆ, ಅವರು ಸುಣ್ಣ ಹಾಕಿ ಹೂಳಿದರು. ಅತ್ತ ಹೊಂಡದಲ್ಲಿ ಕಾಟ್ಲಾಗಳು ಎಂದಿನಂತೆ ಬಾಲ ಬಡಿಯುತ್ತಿದ್ದವು.

ಅಷ್ಟರಲ್ಲಿ ಬಾಮೈದನ ಫೋನು ಬಂತು. ‘ನನ್ ಮೀನು ಹೊಂಡಕ್ಕೆ ಬುಟ್ರಾ ಭಾವ?’

ಯಜಮಾನರು ಗುಂಡಿಯ ಮೇಲಿನ ಮಣ್ಣು ತುಳಿಯುತ್ತಾ, ಅದೇ ವಿನಯದಲ್ಲಿ ಹೇಳಿದರು: ‘ಇನ್ನೂ ಕಾಲು ತೊಳ್ಕತಾ ಅವೆ ಕಣಪ್ಪ.’